ಸ್ಟೇನ್‌ಲೆಸ್ ಸೈಲೆನ್ಸರ್‌ಗೆ ಮನೆಯಲ್ಲೇ ಬೆಸುಗೆ: ರಾಡೋ, ಸಿಓಟುವೋ, ಆರ್ಗಾನೋ?

ಎರಡು ವರ್ಷಗಳ ಹಿಂದೆ ದೀಪಾವಳಿಗೆಂದು ಪುಣೆಯ ನಿಗಡಿಯಿಂದ ಬೆಳಗಾವಿಗೆ ಹೊರಟಿದ್ದೆವು. ಖಂಬಾಟಕಿ ಘಾಟಿನ ಏರಿನಲ್ಲಿ ಕಾರಿನ ಅಡಿಯ ಸದ್ದು ಇದ್ದಕ್ಕಿದ್ದಂತೆ ಒರಟಾಯಿತು. ಬದಿಗೆ ನಿಲ್ಲಿಸಿ ಬಗ್ಗಿ ನೋಡಿದರೆ, ಸೈಲೆನ್ಸರ್ ಡಬ್ಬಿಗೂ ಅದಕ್ಕೆ ಹೊಗೆ ತರುವ ಪೈಪಿಗೂ ನಡುವಿನ ಬೆಸುಗೆ ಅರ್ಧ ಸುತ್ತು ಬಿರಿದಿತ್ತು. ಎಂಟು ತಿಂಗಳ ಹಿಂದೆ ನನ್ನ ಮನೆಯ ಅಂಗಳದಲ್ಲಿ ನಾನೇ ಹಾಕಿದ ಬೆಸುಗೆ ಅದು. ಸಾತಾರದಲ್ಲಿ ತಂತಿ ಬಿಗಿಸಿಕೊಂಡು ಹೇಗೋ ಊರು ಮುಟ್ಟಿದೆವು. ಹಿಂದಿರುಗಿದ ಮೇಲೆ ಆ ತುಂಡನ್ನು ಕತ್ತರಿಸಿ ತೆಗೆದು, ಗರಗಸದಿಂದ ಉದ್ದಕ್ಕೆ ಸೀಳಿ ಮೇಜಿನ ಮೇಲಿಟ್ಟೆ. ಹೊರಗಿನ ಬೆಸುಗೆಯ ಸಾಲು ಇನ್ನೂ ಅಚ್ಚುಕಟ್ಟಾಗಿತ್ತು. ಒಳಗೋಡೆ ಮಾತ್ರ ಹಾಲು ಉಕ್ಕಿ ತಳ ಹತ್ತಿದ ಪಾತ್ರೆಯಂತೆ ಕರಿದಾಗಿ, ಹರಳುಗಟ್ಟಿ, ಬೆರಳಿಗೆ ಪುಡಿಯಾಗಿ ಉದುರುತ್ತಿತ್ತು. ಬಿರುಕು ಹುಟ್ಟಿದ್ದು ಅಲ್ಲಿ.

ಅದನ್ನು ಭೋಸರಿಯ ಒಂದು ಶೆಡ್ಡಿನಲ್ಲಿ ಕೆಲಸ ಮಾಡುವ, ವಿಜಯಪುರ ಕಡೆಯ ಹಿರಿಯ ವೆಲ್ಡರ್ ಒಬ್ಬರಿಗೆ ತೋರಿಸಿದೆ. ಅವರು ಹೊರಗಿನ ಸಾಲನ್ನು ನೋಡಲೇ ಇಲ್ಲ. ಪೈಪಿನೊಳಗೆ ಬೆರಳು ಹಾಕಿ ಒಮ್ಮೆ ಸವರಿ, ತುಂಡನ್ನು ನನಗೆ ಹಿಂದಿರುಗಿಸಿದರು. ಯಾವ ವಿಧಾನ ಒಳ್ಳೆಯದು ಎಂದು ಕೇಳುವವರಿಗೆ ನಾನು ಇಂದು ಕೊಡುವ ಉತ್ತರವೆಲ್ಲ ಆ ಬೆರಳಿನಿಂದ ಕಲಿತದ್ದು. ರಾಡ್, ಸಿಓಟು, ಆರ್ಗಾನ್ ಎಂಬ ಬೆಸುಗೆಯ ಮೂರು ವಿಧಾನಗಳನ್ನೂ ಇಲ್ಲಿ ಪೈಪಿನ ಒಳಬದಿಯಿಂದ ಹೋಲಿಸುತ್ತಿದ್ದೇನೆ.

ಒಳಬದಿಗೆ ಇಷ್ಟು ಮಹತ್ವ ಏಕೆಂದರೆ ಸೈಲೆನ್ಸರ್ ಹಾಳಾಗುವುದು ಬಹುಪಾಲು ಒಳಗಿನಿಂದಲೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ದೂರದ ಪ್ರಯಾಣದಲ್ಲಿ ಪೈಪು ಚೆನ್ನಾಗಿ ಕಾಯುವುದರಿಂದ ಆ ನೀರು ನಿಲ್ಲುವುದಿಲ್ಲ. ಆದರೆ ನಿಗಡಿಯಿಂದ ಭೋಸರಿಗೆ ಹೋಗಿ ಬರುವಂಥ ಸಣ್ಣ ಓಡಾಟದಲ್ಲಿ ಹಿಂದಿನ ಡಬ್ಬಿ ಬಿಸಿಯಾಗುವ ಮೊದಲೇ ಕಾರು ನಿಲ್ಲುತ್ತದೆ. ಆಮ್ಲ ಬೆರೆತ ಆ ನೀರು ತಗ್ಗಿನಲ್ಲಿ ಕೂತು ಬೆಸುಗೆಯ ಅಂಚನ್ನು ಹಗಲಿರುಳು ತಿನ್ನುತ್ತದೆ.

ಮೊದಲು ಪೈಪಿನ ಜಾತಿ ತಿಳಿಯಿರಿ

ಸ್ಟೇನ್‌ಲೆಸ್ ಎಂದರೆ ಒಂದೇ ಲೋಹ ಎಂದು ತಿಳಿದು ಅಂಗಡಿಗೆ ಹೋದರೆ ಮೊದಲ ಹೆಜ್ಜೆಯಲ್ಲೇ ತಪ್ಪುತ್ತೇವೆ. ಕಾರ್ಖಾನೆಯಿಂದ ಬರುವ ಬಹಳಷ್ಟು ಸೈಲೆನ್ಸರ್‌ಗಳು 409 ದರ್ಜೆಯವು. ಅದರಲ್ಲಿ ಕ್ರೋಮಿಯಂ ಸುಮಾರು ಶೇ. 11, ನಿಕ್ಕಲ್ ಇಲ್ಲವೆಂದೇ ಹೇಳಬಹುದು. ಹೊರಗೆ ಕಂದು ತುಕ್ಕಿನ ಬಣ್ಣ ಬಂದರೂ ವರ್ಷಗಟ್ಟಲೆ ತಾಳುತ್ತದೆ. 304 ದರ್ಜೆಯಲ್ಲಿ ಕ್ರೋಮಿಯಂ ಶೇ. 18ರ ಆಸುಪಾಸು, ನಿಕ್ಕಲ್ ಶೇ. 8ರ ಆಸುಪಾಸು, ಅಡುಗೆಮನೆಯ ಒಳ್ಳೆಯ ಪಾತ್ರೆಗಳ ಲೋಹ ಇದೇ. ಮೂರನೆಯದು 202. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಲೋಹ ಇದು. ಮನೆಯ ಗೇಟು, ಮೆಟ್ಟಿಲ ಕಟಕಟೆಗಳಿಗೆ ಧಾರಾಳವಾಗಿ ಬಳಸುತ್ತಾರೆ. ಹೊಳಪಿನಲ್ಲಿ 304ರ ಅವಳಿಯಂತೆ ಕಂಡರೂ ನೀರು, ಉಪ್ಪು, ಆಮ್ಲಗಳ ಎದುರು ಅಷ್ಟು ನಿಲ್ಲುವುದಿಲ್ಲ. ಸೈಲೆನ್ಸರ್‌ಗೆ ಇದನ್ನು ತರಲೇಬೇಡಿ.

ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. 409ಕ್ಕೆ ಅದು ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ. ಬಗ್ಗಿಸಿದ ಜಾಗದಲ್ಲಿ ಮಾತ್ರ ತುಸು ಎಳೆಯಬಹುದು. ಆದರೆ 202ಕ್ಕೂ ಅಂಟುವುದಿಲ್ಲ ಎಂಬುದನ್ನು ಮರೆಯಬೇಡಿ. ಅಯಸ್ಕಾಂತ ಬಿದ್ದುಹೋದ ಮಾತ್ರಕ್ಕೆ 304 ಎಂದು ನಂಬಿ ಹಣ ಕೊಡುವವರು ಬಹಳ. ಪೈಪಿನ ಮೇಲೆ ಅಚ್ಚಾದ ದರ್ಜೆಯನ್ನು ಓದಿ, ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ. ಮುಂಬೈಯವರಿಗೆ ಗುಲಾಲವಾಡಿ, ಕೀಕಾ ಸ್ಟ್ರೀಟ್ ಇದೆ. ಅಲ್ಲಿ ಪೈಪಿನ ವ್ಯಾಪಾರವೇ ಉಸಿರು. ಪುಣೆಯಲ್ಲಿ ಬ್ರಷ್ಷು, ಡಿಸ್ಕು, ಕ್ಲ್ಯಾಂಪುಗಳಿಗೆ ರವಿವಾರ ಪೇಟೆಯ ಬೋಹ್ರಿ ಆಳಿ ಸಾಕು. ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ: 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 18 ಗೇಜ್ ಎಂದರೆ ಸುಮಾರು 1.2 ಮಿ.ಮೀ. ಹೊಸದಾಗಿ ಕಲಿಯುವವರು 16 ಗೇಜ್ ತರಲಿ. ಆ ಅರ್ಧ ಮಿಲಿಮೀಟರ್‌ಗೂ ಕಡಿಮೆ ಹೆಚ್ಚುವರಿ ದಪ್ಪ ಎಷ್ಟೋ ತೂತುಗಳನ್ನು ತಪ್ಪಿಸುತ್ತದೆ.

409 ಮತ್ತು 304ರ ನಡುವೆ ಆರಿಸುವಾಗ ಊರನ್ನೂ ನೋಡಬೇಕು. ವಾಸ್ಕೋದಲ್ಲಿರುವ ನನ್ನ ಭಾವನ ಕಾರಿಗೆ 304 ಅಲ್ಲದೆ ಬೇರೆ ಯೋಚಿಸುವುದಿಲ್ಲ. ಕಡಲ ಗಾಳಿಯ ಉಪ್ಪು ಅಲ್ಲಿ ಸುಲಭವಾಗಿ ತುಕ್ಕು ಹಿಡಿಯುವ ಯಾವುದನ್ನೂ ಬಿಡುವುದಿಲ್ಲ. ಪುಣೆಯ ಒಣ ಹವೆಯಲ್ಲಿ 409 ಕೂಡ ಮರ್ಯಾದೆಯಿಂದ ಬಾಳುತ್ತದೆ, ಬೆಸುಗೆಯ ಕಾವಿಗೂ ಅದು ಕಡಿಮೆ ಹಿಗ್ಗುತ್ತದೆ. 304 ಕಾದಾಗ ಸಾಮಾನ್ಯ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಒಂದೂವರೆ ಮೀಟರ್ ಪೈಪು 300 ಡಿಗ್ರಿ ಹೆಚ್ಚು ಕಾದರೆ 304 ಸುಮಾರು 8 ಮಿ.ಮೀ. ಉದ್ದವಾಗುತ್ತದೆ, 409 ಸುಮಾರು 5 ಮಿ.ಮೀ. ಕಾರಿನ ಅಡಿಯ ರಬ್ಬರ್ ತೂಗುಗಳೂ ಮುಂದಿನ ಜಾಲರಿ ಬೆಲ್ಲೋಸ್ ಎಂಬ ಬಳುಕುವ ಕೊಳವೆಯೂ ಇರುವುದು ಈ ಎಳೆದಾಟವನ್ನು ತಾಳಲಿಕ್ಕೂ ಹೌದು. ಹಳೆಯ ರಬ್ಬರುಗಳನ್ನು ಹಾಗೇ ಬಿಟ್ಟು ಬೆಸುಗೆ ಮಾತ್ರ ಹೊಸದು ಮಾಡಿದರೆ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ.

ರಾಡ್ ವೆಲ್ಡಿಂಗ್

ಇನ್ವರ್ಟರ್ ವೆಲ್ಡಿಂಗ್ ಯಂತ್ರ, ಎರಡು ಕೇಬಲ್, ತಾನೇ ಕರಗಿ ಬೆಸುಗೆಯಾಗುವ ರಾಡುಗಳ ಒಂದು ಪೊಟ್ಟಣ: ಇಷ್ಟೇ ಬಂಡವಾಳ. ಸ್ಟೇನ್‌ಲೆಸ್‌ಗೆ 308ಎಲ್-16 ಅಥವಾ 309ಎಲ್-16 ಗುರುತಿನ ರಾಡುಗಳು ಸಿಗುತ್ತವೆ. 2 ಮಿ.ಮೀ. ರಾಡನ್ನೇ ಕೇಳಿ, 2.5 ಮಿ.ಮೀ. ರಾಡು ಉರಿಯಲು ಬೇಕಾದ ಕಾವಿಗೆ ತೆಳು ಪೈಪು ಹಂಚಿನ ಮೇಲಿನ ಬೆಣ್ಣೆಯಾಗುತ್ತದೆ. 2 ಮಿ.ಮೀ. ರಾಡಿಗೆ 40ರಿಂದ 60 ಆಂಪಿಯರ್ ಸಾಕು.

ರಾಡಿನ ಹಿರಿಮೆ ಎಂದರೆ ಗಾಳಿಗೆ ಅದು ಅಂಜುವುದಿಲ್ಲ. ಅದರ ಲೇಪನವೇ ಉರಿದು ಅನಿಲವಾಗಿ, ಕರಗಿದ ಕಿಟ್ಟವಾಗಿ ಬೆಸುಗೆಯನ್ನು ಮುಚ್ಚುತ್ತದೆ. ಪೈಪಿನ ತುದಿಯಲ್ಲಿ ಬೋಲ್ಟು ಹಾಕುವ ದಪ್ಪ ಫ್ಲ್ಯಾಂಜಿಗೆ, ತೂಗುಕೊಂಡಿಗೆ, ಹೊರಗಿನ ಪಟ್ಟಿಗೆ ಇದು ಒಳ್ಳೆಯ ಸಾಧನ. ಆದರೆ ಪೈಪಿಗೆ ಪೈಪನ್ನು ಸುತ್ತ ಬೆಸೆಯುವಾಗ ಅದರ ಕಷ್ಟಗಳು ಒಂದೊಂದಾಗಿ ಹೊರಬರುತ್ತವೆ. ದುಂಡಗಿನ ಮೈಮೇಲೆ ಕಿಟ್ಟ ಮುಂದೋಡಿ ಬೆಸುಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಪ್ರತಿ ಸಲ ರಾಡು ತಾಗಿಸಿದಾಗ ಆ ಬಿಂದುವಿನಲ್ಲಿ ತೂತಾಗುವ ಭಯ. ಒಳಬದಿಗೆ ಲೇಪನದ ರಕ್ಷಣೆ ತಲುಪುವುದೇ ಇಲ್ಲ. ಅಲ್ಲಿ ಕರಿ ಹರಳು ಕಟ್ಟುತ್ತದೆ, ತೂತಿನಿಂದ ಇಳಿದ ಕಿಟ್ಟದ ಗುಂಡುಗಳೂ ಸೇರುತ್ತವೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ತೆರೆದಿಟ್ಟ ಪೊಟ್ಟಣದ ರಾಡು ತೇವ ಹೀರಿ ಬೆಸುಗೆಯಲ್ಲಿ ಸೂಜಿಮೊನೆಯಂಥ ರಂಧ್ರಗಳನ್ನು ಬಿಡುತ್ತದೆ.

ನಿಮ್ಮಲ್ಲಿ ಈಗಾಗಲೇ ರಾಡ್ ಯಂತ್ರವಿದ್ದರೆ ಅದನ್ನು ಮಾರಬೇಡಿ. ಅದೇ ಯಂತ್ರ ಮುಂದೆ ಆರ್ಗಾನ್‌ಗೆ ಒದಗಬಹುದು. ಸೈಲೆನ್ಸರ್ ಪೈಪಿಗೆಂದೇ ಹೊಸದಾಗಿ ರಾಡ್ ಯಂತ್ರ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಸಿಓಟು

ಭೋಸರಿ, ಚಿಂಚವಾಡದ ಫಲಕಗಳಲ್ಲಿ ಮಿಗ್ ಎಂಬ ಹೆಸರು ಅಪರೂಪ. ಎಲ್ಲ ಕಡೆ ಸಿಓಟು ವೆಲ್ಡಿಂಗ್ ಎಂದೇ ಬರೆದಿರುತ್ತದೆ. ಗನ್ನಿನ ಗುಂಡಿ ಒತ್ತಿದರೆ ತಂತಿ ತಾನಾಗಿ ಬರುತ್ತದೆ, ಒಂದು ಕೈ ಬಿಡುವಾಗಿರುತ್ತದೆ, ಒಂದು ವಾರಾಂತ್ಯದಲ್ಲಿ ನೋಡುವಂಥ ಬೆಸುಗೆ ಹಾಕಬಹುದು. ಎರಡು ಪೈಪುಗಳ ನಡುವೆ ಒಂದು ಮಿಲಿಮೀಟರ್ ಸಂದು ಉಳಿದರೂ ಅದು ಕ್ಷಮಿಸುತ್ತದೆ. ಈ ಗುಣಗಳಿಗೆ ಮನಸೋತು ನಾನೂ ಅದನ್ನೇ ಆರಿಸಿದ್ದೆ.

ಆದರೆ ಆ ಹೆಸರಿನಲ್ಲೇ ಕೇಡಿದೆ. ಸಾದಾ ಕಬ್ಬಿಣಕ್ಕೆ ಬಳಸುವ ಶುದ್ಧ ಇಂಗಾಲದ ಡೈಆಕ್ಸೈಡ್ ಸ್ಟೇನ್‌ಲೆಸ್‌ನ ಗಟ್ಟಿ ತಂತಿಗೆ ಸಲ್ಲದು. ಬೆಂಕಿಯಲ್ಲಿ ಅದು ಒಡೆದು ಬೆಸುಗೆಗೆ ಇಂಗಾಲವನ್ನೂ ಆಮ್ಲಜನಕವನ್ನೂ ತುಂಬುತ್ತದೆ. ಸ್ಟೇನ್‌ಲೆಸ್ ತುಕ್ಕು ಹಿಡಿಯದಿರುವುದು ಅದರ ಮೈಮೇಲೆ ಕಟ್ಟುವ ಕ್ರೋಮಿಯಂ ಆಕ್ಸೈಡಿನ ತೆಳು ಪದರದಿಂದ. ಕಾದ ಹಾಲಿನ ಕೆನೆಯನ್ನು ಬೆರಳಿನಿಂದ ಸರಿಸಿದರೆ ಮತ್ತೆ ಕಟ್ಟುವಂತೆ, ಗೀರು ಬಿದ್ದರೂ ಆ ಪದರ ಮತ್ತೆ ಕಟ್ಟುತ್ತದೆ, ಲೋಹದಲ್ಲಿ ಕ್ರೋಮಿಯಂ ಸಾಕಷ್ಟು ಇದ್ದರೆ ಮಾತ್ರ. ಇಂಗಾಲ ಹೆಚ್ಚಾದರೆ ಸುಮಾರು 425ರಿಂದ 850 ಡಿಗ್ರಿಯ ಕಾವಿನಲ್ಲಿ ಅದು ಕ್ರೋಮಿಯಂ ಅನ್ನು ಹಿಡಿದು ಕಾರ್ಬೈಡ್ ಮಾಡಿಬಿಡುತ್ತದೆ. ಹರಳುಗಳ ಅಂಚಿನಲ್ಲಿ ಕ್ರೋಮಿಯಂ ಬರಿದಾಗಿ, ಕೆನೆ ಕಟ್ಟದ ಗೆರೆಗಳು ಉಳಿಯುತ್ತವೆ. ತುಕ್ಕು ಆ ಗೆರೆ ಹಿಡಿದು ಒಳಗಿಳಿಯುತ್ತದೆ. 308ಎಲ್, 309ಎಲ್ ಎಂಬಲ್ಲಿನ ಎಲ್ ಅಕ್ಷರ ಇಂಗಾಲ ಕಡಿಮೆ ಎಂಬುದರ ಗುರುತು. ಅಂಥ ತಂತಿ ತಂದು, ಮತ್ತೆ ಇಂಗಾಲದ ಗಾಳಿಯನ್ನೇ ಊದಿದರೆ ಎಲ್‌ಗೆ ಕೊಟ್ಟ ಹಣ ವ್ಯರ್ಥ. ಖಂಬಾಟಕಿಯಲ್ಲಿ ಬಿರಿದ ನನ್ನ ಬೆಸುಗೆಯ ಒಂದು ಕಾರಣ ಇದೇ ಆಗಿತ್ತು.

ಸರಿಯಾದ ಮಿಗ್ ಎಂದರೆ 0.8 ಮಿ.ಮೀ.ನ 308ಎಲ್ ಅಥವಾ ಸಿಲಿಕಾನ್ ಹೆಚ್ಚಿರುವ 308ಎಲ್‌ಎಸ್‌ಐ ತಂತಿ, ಜೊತೆಗೆ ಶೇ. 98 ಆರ್ಗಾನ್, ಶೇ. 2 ಇಂಗಾಲದ ಡೈಆಕ್ಸೈಡ್ ಇರುವ ಮಿಶ್ರಣ. ಕಬ್ಬಿಣದ ಕೆಲಸಕ್ಕೆ ಎಲ್ಲ ಕಡೆ ಸಿಗುವ ಶೇ. 80–20ರ ಮಿಶ್ರಣವನ್ನು ಅದೇ ಎಂದು ತಿಳಿಯಬೇಡಿ. ಈ ಶಿಸ್ತು ಪಾಲಿಸಿದರೆ ಮಿಗ್ ಬೆಸುಗೆ ಬಲವಾಗಿರುತ್ತದೆ. ಒಳಬದಿಯಲ್ಲಿ ಕೆಲವು ಸಿಡಿಗುಂಡುಗಳೂ ಸ್ವಲ್ಪ ಕರಿಯೂ ಉಳಿಯುತ್ತವೆ. ದೊಡ್ಡ ಡಬ್ಬಿಯ ಹೊರಮೈ ಸಾಲುಗಳಿಗೆ, ಒಂದರೊಳಗೊಂದು ತೂರಿಸಿದ ಜೋಡಣೆಗಳಿಗೆ ನಾನು ಇದನ್ನು ನಿರಾಕರಿಸುವುದಿಲ್ಲ. ಅನಿಲವೇ ಬೇಡದ, ಹೊಟ್ಟೆಯಲ್ಲಿ ಫ್ಲಕ್ಸ್, ಅಂದರೆ ಕರಗಿ ಬೆಸುಗೆಯನ್ನು ಮುಚ್ಚುವ ಪುಡಿ, ಇರುವ ಸ್ಟೇನ್‌ಲೆಸ್ ತಂತಿಯೂ ಇದೆ. ಗಾಳಿ ಬೀಸುವ ಅಂಗಳಕ್ಕೆ ಅದು ಅನುಕೂಲವಾದರೂ ಹೊಗೆ ಬಹಳ, ಕಿಟ್ಟವೂ ಬಹಳ.

ಸಾದಾ ಕಬ್ಬಿಣದ ತಂತಿಯಿಂದಲೇ ಸ್ಟೇನ್‌ಲೆಸ್ ಪೈಪನ್ನು ಬೆಸೆದು ಕೊಡುವ ಅಂಗಡಿಗಳಿವೆ. ಹೊರಗೆ ಬೆಳ್ಳಿ ಬಣ್ಣ ಹೊಡೆದು ಕೊಟ್ಟರೆ ಅಂದು ಏನೂ ಗೊತ್ತಾಗುವುದಿಲ್ಲ. ಒಂದು ಮಳೆಗಾಲ ಕಳೆದರೆ ಎರಡು ಹೊಳೆಯುವ ಪೈಪುಗಳ ನಡುವೆ ಕೆಂಪು ಉಂಗುರ ಕಾಣುತ್ತದೆ. ಕೆಲಸ ಕೊಡುವ ಮೊದಲು ತಂತಿಯ ಸುರುಳಿಯ ಮೇಲಿನ ಬರಹವನ್ನು ನೋಡಲು ಸಂಕೋಚಪಡಬೇಡಿ.

ಆರ್ಗಾನ್

ಟಿಗ್ ಎಂಬುದನ್ನು ನಮ್ಮ ಕಡೆ ಆರ್ಗಾನ್ ವೆಲ್ಡಿಂಗ್ ಎನ್ನುತ್ತಾರೆ. ಕರಗದ ಟಂಗ್‌ಸ್ಟನ್ ಮೊನೆಯಿಂದ ಕಿಡಿ, ಅದರ ಸುತ್ತ ಶುದ್ಧ ಆರ್ಗಾನ್, ಇನ್ನೊಂದು ಕೈಯಲ್ಲಿ ತುಂಬುವ ಕಡ್ಡಿ. ಸಿಡಿ ಇಲ್ಲ, ಕಿಟ್ಟ ಇಲ್ಲ, ಸದ್ದೂ ಇಲ್ಲವೆಂಬಷ್ಟು ಕಡಿಮೆ. ಕಾವನ್ನು ಎಷ್ಟು ಬೇಕೋ ಅಷ್ಟೇ, ಎಲ್ಲಿ ಬೇಕೋ ಅಲ್ಲೇ ಕೊಡಬಹುದು. ತೆಳು ಸ್ಟೇನ್‌ಲೆಸ್‌ಗೆ ಇದಕ್ಕಿಂತ ಒಳ್ಳೆಯ ವಿಧಾನ ಮನೆಯಲ್ಲಿ ಇನ್ನೊಂದಿಲ್ಲ; ನಾನು ಈಗ ಪೈಪಿಗೆ ಇದನ್ನು ಮಾತ್ರ ಬಳಸುತ್ತೇನೆ.

ಸ್ಟೇನ್‌ಲೆಸ್‌ಗೆ ಏಕಮುಖ ವಿದ್ಯುತ್ ಸಾಕು. ಎಸಿ ಬೇಕಾಗುವುದು ಅಲ್ಯೂಮಿನಿಯಂಗೆ. ಹಾಗಾಗಿ ರಾಡಿಗೆಂದು ಕೊಂಡ ಇನ್ವರ್ಟರಿನಲ್ಲಿ ಲಿಫ್ಟ್ ಟಿಗ್, ಅಂದರೆ ಮೊನೆಯನ್ನು ತಾಗಿಸಿ ಎತ್ತಿ ಕಿಡಿ ಹುಟ್ಟಿಸುವ ಸೌಲಭ್ಯವಿದ್ದರೆ, ಕೈಯಲ್ಲಿ ಹಿಡಿಯುವ ಟಾರ್ಚ್, ಅನಿಲದ ರೆಗ್ಯುಲೇಟರ್, ಸಿಲಿಂಡರ್ ಸೇರಿಸಿದರೆ ಆಯಿತು. ತಾಗಿಸದೆ ಕಿಡಿ ಹುಟ್ಟಿಸುವ ಹೈ ಫ್ರೀಕ್ವೆನ್ಸಿ ಯಂತ್ರ ಇನ್ನೂ ಹಿತ, ಕಾಲಿನ ಪೆಡಲ್ ಇದ್ದರೆ ಮತ್ತೂ ಹಿತ. ಇವೆರಡರಲ್ಲಿ ಒಂದಕ್ಕೆ ಮಾತ್ರ ಹಣವಿದೆ ಎಂದರೆ ಪೆಡಲನ್ನು ಆರಿಸಿ. ಬೆಸುಗೆ ಮುಗಿಯುವ ಹೊತ್ತಿಗೆ ಕಾವನ್ನು ಮೆಲ್ಲನೆ ಇಳಿಸಿದರೆ ಕೊನೆಯ ಬಿಂದುವಿನ ಕುಳಿಯಲ್ಲಿ ಬಿರುಕು ಬರುವುದಿಲ್ಲ.

ನಾನು ಬಳಸುವ ಹೊಂದಿಕೆ ಹೀಗಿದೆ. 1.6 ಮಿ.ಮೀ. ದಪ್ಪದ, ಲ್ಯಾಂಥನಮ್ ಬೆರೆತ ಟಂಗ್‌ಸ್ಟನ್, ಮೊನೆಯನ್ನು ಉದ್ದಕ್ಕೆ ಸಾಣೆ ಹಿಡಿದದ್ದು. ಟಾರ್ಚ್ ಋಣ ಧ್ರುವಕ್ಕೆ. 16 ಗೇಜ್ ಪೈಪಿಗೆ 45ರಿಂದ 55 ಆಂಪಿಯರ್, 18 ಗೇಜ್‌ಗೆ 35ರಿಂದ 45. ಆರ್ಗಾನ್ ನಿಮಿಷಕ್ಕೆ 8 ಲೀಟರ್. ಟಾರ್ಚಿನ ಬಾಯಿಗೆ, ಅನಿಲವನ್ನು ಸಮವಾಗಿ ಹರಿಸುವ ಗ್ಯಾಸ್ ಲೆನ್ಸ್ ಇರುವ ಕಪ್. ಕಡ್ಡಿಯ ವಿಷಯದಲ್ಲಿ 304ಕ್ಕೆ 304 ಆದರೆ 308ಎಲ್; 304ಕ್ಕೆ 409 ಅಥವಾ ಸಾದಾ ಕಬ್ಬಿಣ ಆದರೆ 309ಎಲ್. ಒಂದೇ ಕಟ್ಟು ಕೊಳ್ಳುವುದಿದ್ದರೆ 309ಎಲ್ ಕೊಳ್ಳಿ. ಹಳೆಯ ಕಾರಿನ ಅಡಿಯಲ್ಲಿ ಯಾವ ತುಂಡು ಯಾವ ಲೋಹ ಎಂಬ ಅನುಮಾನ ಬಂದಾಗಲೆಲ್ಲ ಅದು ಕೈಹಿಡಿಯುತ್ತದೆ.

ಈ ವಿಧಾನ ಕೇಳುವ ಬೆಲೆ ಎಂದರೆ ತಾಳ್ಮೆ. ಎರಡು ಕೈಗೆ ಎರಡು ಕೆಲಸ. ಕೈ ಕೂಡಿಬರಲು ನನಗೆ ನಾಲ್ಕು ತಿಂಗಳ ಭಾನುವಾರಗಳು ಬೇಕಾದವು. ಸಂದನ್ನು ಇದು ಕ್ಷಮಿಸುವುದಿಲ್ಲ. ಎರಡು ಪೈಪಿನ ಅಂಚುಗಳು ಬೆಳಕು ತೂರದಂತೆ ಕೂಡಬೇಕು, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ಹೊತ್ತು ಗರಗಸ, ಅರ, ಅಳತೆಗಳಲ್ಲೇ ಹೋಗುತ್ತದೆ. ಸ್ಟೇನ್‌ಲೆಸ್ ಕಾವನ್ನು ಬೇಗ ಹರಡುವುದಿಲ್ಲ; ಸಾದಾ ಕಬ್ಬಿಣದ ಮೂರನೇ ಒಂದರಷ್ಟೇ 304ರ ವಾಹಕತೆ. ಕೊಟ್ಟ ಕಾವೆಲ್ಲ ಅಲ್ಲೇ ನಿಂತು ಪೈಪು ಸೊಟ್ಟಗಾಗುತ್ತದೆ. ಮೊದಲು ನಾಲ್ಕಾರು ಟ್ಯಾಕ್, ಅಂದರೆ ಹಿಡಿತಕ್ಕೆ ಚುಕ್ಕೆಯಷ್ಟು ಬೆಸುಗೆ, ಹಾಕಿ, ಗಾಡಿಯ ಚಕ್ರದ ನಟ್ಟುಗಳನ್ನು ಬಿಗಿಯುವಂತೆ ಎದುರು ಬದುರಾಗಿ ಎರಡೆರಡು ಸೆಂಟಿಮೀಟರ್ ಬೆಸೆದು, ಕೈ ತಾಳುವಷ್ಟು ಆರಿದ ಮೇಲೆ ಮುಂದುವರಿಯುತ್ತೇನೆ. ಕಿಡಿ ಆರಿಸಿದ ಮೇಲೂ ಆರೇಳು ಸೆಕೆಂಡು ಟಾರ್ಚನ್ನು ಅಲ್ಲೇ ಹಿಡಿದಿದ್ದು, ಹರಿಯುವ ಆರ್ಗಾನ್‌ನಲ್ಲಿ ಬೆಸುಗೆ ತಣಿಯಲು ಬಿಡಬೇಕು. ಬೆಸುಗೆಯ ಬಣ್ಣ ಒಣಹುಲ್ಲಿನ ಹಳದಿ ಅಥವಾ ಹೊನ್ನಿನಂತಿದ್ದರೆ ಸಂತೋಷ. ನೀಲಿಯಾದರೆ ನಡೆಯುತ್ತದೆ, ಬೂದು ಬಣ್ಣವಾದರೆ ಕಾವು ಮೀರಿದೆ ಅಥವಾ ಅನಿಲ ತಲುಪಿಲ್ಲ.

ಒಳಗೆ ಏನನ್ನು ತುಂಬುವುದು

ಹೊರಗೆ ಎಷ್ಟೇ ಚಂದದ ಆರ್ಗಾನ್ ಬೆಸುಗೆ ಹಾಕಿದರೂ ಪೈಪಿನೊಳಗೆ ಗಾಳಿಯೇ ಇದ್ದರೆ ಒಳಬದಿ ಮತ್ತೆ ತಳ ಹತ್ತಿದ ಪಾತ್ರೆಯೇ. ಅನೇಕರು ಯಂತ್ರಕ್ಕೆ ಬಹಳ ಹಣ ಸುರಿದು ಇಲ್ಲಿ ಕೈ ಬಿಗಿಹಿಡಿಯುತ್ತಾರೆ. ನನ್ನ ಸಲಹೆ ತಿರುವುಮುರುವು: ಯಂತ್ರ ಸಾಧಾರಣವಾಗಿರಲಿ, ಒಳಗೆ ಆರ್ಗಾನ್ ಇರಲಿ.

ಪೈಪಿನ ಎರಡೂ ತುದಿಗಳನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ ಟೇಪು ಸುತ್ತಿ. ಒಂದು ತುದಿಯ ಕೆಳಗಡೆ ಆರ್ಗಾನ್ ನಳಿಕೆ ತೂರಿಸಿ, ಇನ್ನೊಂದು ತುದಿಯ ಮೇಲ್ಗಡೆ ಪೆನ್ಸಿಲ್ ಗಾತ್ರದ ತೂತು ಬಿಡಿ. ಆರ್ಗಾನ್ ಗಾಳಿಗಿಂತ ಭಾರ. ಕೆಳಗಿನಿಂದ ತುಂಬಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. 50 ಮಿ.ಮೀ. ವ್ಯಾಸದ ಒಂದು ಮೀಟರ್ ಪೈಪಿನ ಹೊಟ್ಟೆ ಎರಡು ಲೀಟರ್. ಅದರ ಆರು ಪಟ್ಟು ಅನಿಲ ಹರಿಸಿದರೆ ಗಾಳಿ ಬಹುಮಟ್ಟಿಗೆ ಹೋಗುತ್ತದೆ, ಅಂದರೆ ನಿಮಿಷಕ್ಕೆ 5 ಲೀಟರ್‌ನಂತೆ ಎರಡೂವರೆ ನಿಮಿಷ. ಬೆಸೆಯುವಾಗ ಹರಿವನ್ನು ತಗ್ಗಿಸಿ. ಒಳಗಿನ ಒತ್ತಡ ಹೆಚ್ಚಿದರೆ ಕೊನೆಯ ಸೆಂಟಿಮೀಟರ್ ಮುಚ್ಚುವ ಹೊತ್ತಿಗೆ ಕರಗಿದ ಲೋಹವೇ ಹೊರಕ್ಕೆ ಚಿಮ್ಮುತ್ತದೆ.

ಅನಿಲ ಬಹಳ ಖರ್ಚಾಗುತ್ತದೆ ಎಂಬ ಅಂಜಿಕೆಗೆ ಲೆಕ್ಕವೇ ಉತ್ತರ. ಒಂದೂವರೆ ಘನ ಮೀಟರ್ ಅನಿಲ ಹಿಡಿಯುವ ಸಣ್ಣ ಸಿಲಿಂಡರ್ ಎಂದರೆ 1,500 ಲೀಟರ್. ಟಾರ್ಚಿಗೆ 8, ಒಳಗೆ 5, ಒಟ್ಟು ನಿಮಿಷಕ್ಕೆ 13 ಲೀಟರ್ ಹರಿದರೂ 115 ನಿಮಿಷ ಬರುತ್ತದೆ. 50 ಮಿ.ಮೀ. ಪೈಪಿನ ಸುತ್ತಳತೆ 157 ಮಿ.ಮೀ.; ನಿಧಾನಗೈಯವರಿಗೂ ಒಂದು ಸುತ್ತಿಗೆ ಕಿಡಿ ಉರಿಯುವುದು ಮೂರು ನಿಮಿಷ. ತುಂಬಿಸುವ, ತಣಿಸುವ ಹೊತ್ತನ್ನೆಲ್ಲ ಸೇರಿಸಿದರೂ ಒಂದು ಕಾರಿನ ಇಡೀ ಹಿಂಭಾಗ ಒಂದು ಸಣ್ಣ ಸಿಲಿಂಡರಿನಲ್ಲಿ ಮುಗಿಯುತ್ತದೆ. ನಮ್ಮ ದೇಶದಲ್ಲಿ ಆರ್ಗಾನ್ ಸಿಲಿಂಡರಿನ ಬಣ್ಣ ನೀಲಿ. ಆದರೆ ಬಣ್ಣವನ್ನಷ್ಟೇ ನಂಬದೆ ಚೀಟಿಯನ್ನೂ ಓದಿ ತೆಗೆದುಕೊಳ್ಳಿ, ಸರಪಳಿಯಿಂದ ಗೋಡೆಗೆ ಕಟ್ಟಿ ನಿಲ್ಲಿಸಿ.

ಒಳಗೆ ಅನಿಲ ಹಾಯಿಸಲಾಗದ ಕಡೆ, ಅಂದರೆ ಒಂದು ತುದಿ ದೊಡ್ಡ ಡಬ್ಬಿಯೊಳಗೆ ಹೋಗಿದ್ದಾಗ, ಎರಡು ದಾರಿಗಳಿವೆ. ಸ್ಪಿರಿಟ್‌ನಲ್ಲಿ ಕಲಸಿ ಅಂಚಿನ ಒಳಬದಿಗೆ ಬಳಿಯುವ ಫ್ಲಕ್ಸ್ ಪುಡಿ ಒಂದು. ಫ್ಲಕ್ಸ್ ತುಂಬಿದ ಟಿಗ್ ಕಡ್ಡಿ ಇನ್ನೊಂದು. ಎರಡೂ ಗಾಜಿನಂಥ ಪೊರೆ ಬಿಡುತ್ತವೆ. ಆರ್ಗಾನ್‌ಗೆ ಸಮವಲ್ಲದಿದ್ದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಶುಚಿತ್ವದ ಬಗ್ಗೆ ಒಂದೇ ಮಾತು: ಕಬ್ಬಿಣಕ್ಕೆ ಬಳಸಿದ ಬ್ರಷ್ಷು, ಡಿಸ್ಕುಗಳನ್ನು ಸ್ಟೇನ್‌ಲೆಸ್‌ಗೆ ಮುಟ್ಟಿಸಬೇಡಿ, ಒರೆಸಲು ಅಸಿಟೋನ್ ಬಳಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಎಂದಿಗೂ ಬೇಡ. ಬೆಸುಗೆಯ ಬೆಳಕು ಮತ್ತು ಕಾವಿನಲ್ಲಿ ಅದರಿಂದ ಫಾಸ್ಜೀನ್ ಎಂಬ ಪ್ರಾಣಾಂತಿಕ ವಿಷಾನಿಲ ಹುಟ್ಟುತ್ತದೆ.

ಮನೆ, ಮೀಟರ್, ಶ್ವಾಸಕೋಶ

ಮನೆಯ ಕರೆಂಟು ತಾಳುತ್ತದೆಯೇ ಎಂಬ ಪ್ರಶ್ನೆಗೆ ಮೂರೂ ವಿಧಾನಗಳ ಉತ್ತರ ಬೇರೆ. ಟಿಗ್‌ನಲ್ಲಿ 50 ಆಂಪಿಯರ್‌ಗೆ ಕಿಡಿಯ ವೋಲ್ಟೇಜು ಸುಮಾರು 12, ಅಂದರೆ 600 ವ್ಯಾಟ್. ರಾಡಿನಲ್ಲಿ 60 ಆಂಪಿಯರ್‌ಗೆ ಸುಮಾರು 1,350 ವ್ಯಾಟ್, ಮಿಗ್‌ನಲ್ಲಿ 80 ಆಂಪಿಯರ್‌ಗೆ ಸುಮಾರು 1,450 ವ್ಯಾಟ್. ಯಂತ್ರದೊಳಗಿನ ನಷ್ಟ ಸೇರಿಸಿದರೂ 230 ವೋಲ್ಟಿನ 16 ಆಂಪಿಯರ್ ಸಾಕೆಟ್ಟಿನ 3,680 ವ್ಯಾಟ್ ಒಳಗೇ ಎಲ್ಲವೂ ಬರುತ್ತವೆ. ಟಿಗ್ ಅಂತೂ ನಮ್ಮ ಮನೆಯ ಮಿಕ್ಸರ್‌ನಷ್ಟೇ ಎಳೆಯುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂದು ಮಾತ್ರ ಬಲ್ಲವರಿಂದ ಪರೀಕ್ಷಿಸಿಕೊಳ್ಳಿ.

ಹೊಗೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸ್ಟೇನ್‌ಲೆಸ್ ಬೆಸೆಯುವಾಗ ಕ್ರೋಮಿಯಂನ ಒಂದು ಭಾಗ ಷಡ್ವೇಲೆನ್ಸಿಯ ಕ್ರೋಮಿಯಂ ಎಂಬ ವಿಷರೂಪ ತಾಳಿ ಹೊಗೆ ಸೇರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ಅದನ್ನೂ, 2017ರಲ್ಲಿ ವೆಲ್ಡಿಂಗ್ ಹೊಗೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಫ್ಲಕ್ಸ್ ಇರುವ ರಾಡು ಮತ್ತು ತಂತಿಗಳಲ್ಲಿ ಇದು ಹೆಚ್ಚು, ಟಿಗ್‌ನಲ್ಲಿ ಎಲ್ಲಕ್ಕಿಂತ ಕಡಿಮೆ. ನಾನು ಟಿಗ್ ಕಡೆಗೆ ವಾಲುವುದಕ್ಕೆ ಇದು ಎರಡನೆಯ ದೊಡ್ಡ ಕಾರಣ. ಆದರೂ ಮುಖಕ್ಕೆ ಸರಿಯಾಗಿ ಕೂರುವ, ವೆಲ್ಡಿಂಗ್ ಹೊಗೆಗೆಂದೇ ಇರುವ ಶೋಧಕದ ಮುಖವಾಡ ಧರಿಸಿ. ಬಟ್ಟೆಯ ಕರವಸ್ತ್ರ ಏನನ್ನೂ ತಡೆಯುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ, ಅದರಲ್ಲೂ ನೆಲದ ಹೊಂಡದಲ್ಲಿ ಆರ್ಗಾನ್ ಬಳಸಬೇಡಿ. ಭಾರವಾದ ಆ ಅನಿಲ ತಗ್ಗಿನಲ್ಲಿ ತುಂಬಿ, ವಾಸನೆಯ ಎಚ್ಚರಿಕೆಯೂ ಇಲ್ಲದೆ ಉಸಿರುಗಟ್ಟಿಸುತ್ತದೆ.

ನಮ್ಮ ಅಂಗಳದಲ್ಲಿ ನಾನು ಮೂರು ಬದಿ ತಗಡು ನಿಲ್ಲಿಸಿ, ಒಂದು ಬದಿ ತೆರೆದಿಟ್ಟು ಕೆಲಸ ಮಾಡುತ್ತೇನೆ. ಗಾಳಿ ಆರ್ಗಾನನ್ನು ಹಾರಿಸಿಕೊಂಡು ಹೋಗುವುದಿಲ್ಲ, ಪಕ್ಕದ ಮನೆಯ ಮಕ್ಕಳ ಕಣ್ಣಿಗೆ ಬೆಳಕು ಬೀಳುವುದಿಲ್ಲ. ಮುಂಬೈಯ ಫ್ಲ್ಯಾಟುಗಳಲ್ಲಿರುವ ಬಂಧುಗಳು ಬಾಲ್ಕನಿಯಲ್ಲಿ ಇದನ್ನು ಮಾಡಲು ಹೋಗಬಾರದು. ಹೊಗೆ ಮೇಲಿನ ಮನೆಗೆ, ಕಿಡಿ ಕೆಳಗಿನ ಮನೆಗೆ.

ನಡುವಿನ ದಾರಿ

ವರ್ಷಕ್ಕೆ ಒಂದು ಸೈಲೆನ್ಸರ್, ಅದೂ ನಿಮ್ಮದೇ ಕಾರಿನದು ಎಂದಾದರೆ, ಯಾವ ಯಂತ್ರವನ್ನೂ ಕೊಳ್ಳಬೇಡಿ. ಪೈಪನ್ನು ನೀವೇ ಅಳೆದು ಕತ್ತರಿಸಿ, ಕಾರಿಗೆ ಹೊಂದಿಸಿ ಮಾರ್ಕರ್ ಗೆರೆ ಎಳೆದು, ಕ್ಲ್ಯಾಂಪಿನಲ್ಲಿ ಹಿಡಿಸಿ ಬಿಚ್ಚಿ, ಆರ್ಗಾನ್ ಅಂಗಡಿಗೆ ಒಯ್ಯಿರಿ. ಬೆಸುಗೆಯವರ ದುಬಾರಿ ಸಮಯ ಹೋಗುವುದು ಹೊಂದಿಸುವುದರಲ್ಲೇ. ಅದು ಮುಗಿದಿದ್ದರೆ ಅವರ ಕೆಲಸ ಅರ್ಧ ಗಂಟೆಯದು. ಒಳಗೆ ಆರ್ಗಾನ್ ಹಾಯಿಸಿ ಎಂದು ಮೊದಲೇ ಹೇಳಿ, ಮುಚ್ಚಳಗಳನ್ನು ನೀವೇ ಮಾಡಿಕೊಂಡು ಹೋಗಿ. ಮೂರುನಾಲ್ಕು ಗಾಡಿಗಳಿರುವ ಮನೆಯವರು, ಲೋಹದ ಕೆಲಸವನ್ನೇ ಪ್ರೀತಿಸುವವರು ಟಿಗ್ ಕೊಳ್ಳಲಿ. ಮಿಗ್ ಈಗಾಗಲೇ ಇರುವವರು ಅನಿಲ ಮತ್ತು ತಂತಿ ಬದಲಿಸಿ ಮುಂದುವರಿಯಲಿ. ಬೆಸುಗೆಯೇ ಬೇಡ ಎನ್ನುವವರಿಗೆ ಅಗಲ ಪಟ್ಟಿಯ ಸ್ಟೇನ್‌ಲೆಸ್ ಕ್ಲ್ಯಾಂಪುಗಳಿವೆ. ನೇರ ಪೈಪಿನಲ್ಲಿ ಅವು ವಿಶ್ವಾಸಾರ್ಹ, ಡಬ್ಬಿಯ ಬುಡಕ್ಕೆ ಕೂರುವುದಿಲ್ಲ.

ಮನೆಯಲ್ಲಿ ಮಾಡಬಾರದ ಭಾಗವೂ ಒಂದಿದೆ. ಎಂಜಿನ್‌ನಿಂದ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ವರೆಗಿನದು ವಿಪರೀತ ಕಾಯುತ್ತದೆ, ಆಮ್ಲಜನಕ ಸೆನ್ಸರ್ ಕೂರುವುದೂ ಅಲ್ಲೇ. ಆ ಸೆನ್ಸರಿಗಿಂತ ಮುಂಚೆ ಸೂಜಿಯಷ್ಟು ಸೋರಿಕೆ ಉಳಿದರೂ ಹೊರಗಿನ ಗಾಳಿ ಒಳಸೇರಿ, ಎಂಜಿನ್ ತಪ್ಪು ಲೆಕ್ಕದಲ್ಲಿ ಪೆಟ್ರೋಲ್ ಸುರಿಯತೊಡಗುತ್ತದೆ. ಕನ್ವರ್ಟರ್ ಕಿತ್ತು ನೇರ ಪೈಪು ಹಾಕುವ ಯೋಚನೆ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿನ್ಯಾಸ ಬದಲಿಸುವುದನ್ನು ಒಪ್ಪುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಆ ವಿಷಗಾಳಿಯನ್ನು ಉಸಿರಾಡುವುದು ನಮ್ಮದೇ ಬೀದಿಯವರು. ಮುಂದಿನ ಜಾಲರಿ ಬೆಲ್ಲೋಸ್ ಬದಲಿಸುವಾಗ ಬೆಸುಗೆ ಅದರ ತುದಿಯ ಬಳೆಗೆ ಮಾತ್ರ ತಾಗಬೇಕು. ಒಳಗಿನ ಮಡಿಕೆಗಳು ಕಾಗದದಷ್ಟು ತೆಳು.

ಸೈಲೆನ್ಸರನ್ನು ಕಾರಿನಿಂದ ಬಿಚ್ಚಿಯೇ ಬೆಸೆಯಿರಿ. ಪೆಟ್ರೋಲ್ ಟ್ಯಾಂಕು ಎಷ್ಟೋ ಕಾರುಗಳಲ್ಲಿ ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ಟ್ಯಾಕ್ ಹಾಕಲು ಒಮ್ಮೆ ಅಡಿಯಲ್ಲೇ ಹಿಡಿಯಬೇಕಾದರೆ ಕ್ಲ್ಯಾಂಪುಗಳಿಂದ ಹಿಡಿಸಿ, ಗೆರೆ ಎಳೆದು, ಹೊರತಂದು ಟ್ಯಾಕ್ ಹಾಕಿ.

ಎಲ್ಲ ಮುಗಿದು ಜೋಡಿಸಿದ ಮೇಲೆ, ಎಂಜಿನ್ ಇನ್ನೂ ತಣ್ಣಗಿರುವಾಗ, ಹಿಂದಿನ ತುದಿಗೆ ವ್ಯಾಕ್ಯೂಮ್ ಕ್ಲೀನರಿನ ಊದುವ ಬದಿಯನ್ನು ಬಟ್ಟೆ ಸುತ್ತಿ ಸಿಕ್ಕಿಸಿ, ಪ್ರತಿ ಬೆಸುಗೆಗೂ ಸಾಬೂನು ನೀರು ಬಳಿಯಿರಿ. ಗುಳ್ಳೆ ಎದ್ದ ಕಡೆ ಮಾರ್ಕರ್ ಚುಕ್ಕೆ ಇಟ್ಟು, ಬಿಚ್ಚಿ, ಆ ಭಾಗವನ್ನು ಕೊರೆದು ತೆಗೆದು ಮತ್ತೆ ಬೆಸೆಯಿರಿ. ಮೇಲಿನಿಂದ ಇನ್ನೊಂದು ಪದರ ಹಚ್ಚಿದರೆ ರಂಧ್ರ ಒಳಗೇ ಉಳಿಯುತ್ತದೆ. ಖಂಬಾಟಕಿಯ ಆ ಜೋಡಣೆಯನ್ನು ನಾನು ಈ ಕ್ರಮದಲ್ಲೇ ಮತ್ತೆ ಮಾಡಿದೆ. ಎರಡು ಮಳೆಗಾಲ ಕಳೆದಿವೆ. ಕಳೆದ ತಿಂಗಳು ಡಬ್ಬಿಯ ರಬ್ಬರ್ ಬದಲಿಸಲು ಬಿಚ್ಚಿದಾಗ ಪೈಪಿನೊಳಗೆ ಬೆರಳು ಹಾಕಿ ಸವರಿದೆ. ಮಸಿ ಅಂಟಿತು, ಒರೆಸಿದರೆ ಅದರಡಿಯ ಲೋಹ ನುಣುಪಾಗಿಯೇ ಇತ್ತು.